ಅಳಿವೆ ಪ್ರಭುವಿನ ದನಿ

ನನ್ನ ಮಾವ ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಮೂಗರಲ್ಲ, ಯಾರ ಮೇಲೂ ಮುನಿಸಿಕೊಂಡವರೂ ಅಲ್ಲ. ಹೊರಗೆ, ಪ್ರಭುಗಳ ಸಭೆಯಲ್ಲಿ ಎದ್ದು ನಿಂತರೆ ಗಂಟೆಗಟ್ಟಲೆ ಮಾತಾಡುವವರು, ಮನೆಯ ಹೊಸ್ತಿಲು ದಾಟಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಬಲಗೈಯ ಬೆಳ್ಳಿಯ ಉಂಗುರದಿಂದ ಕಂಬಕ್ಕೋ ಮೇಜಿಗೋ ಊಟದ ತಟ್ಟೆಗೋ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಸಾಕು ಎಂದು, ಎರಡು ಸಲ ಕುಟ್ಟಿದರೆ ಇನ್ನೊಮ್ಮೆ ಎಂದು. ಉಳಿದದ್ದೆಲ್ಲ ಕಣ್ಣಿನಲ್ಲಿ, ಹುಬ್ಬಿನಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದು ಗರ್ವ ಅನ್ನಿಸಿತ್ತು. ಸುಣ್ಣ ಸುಡುವವನ ಮಗಳ ಹತ್ತಿರ ಏನು ಮಾತು ಎಂದು ಸುಮ್ಮನಿರುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಅತ್ತೆ ತುಂಗಮ್ಮನವರೇ ಬಸಳೆ ಬಿಡಿಸುತ್ತಾ ಹೇಳಿದರು: "ನಿನ್ನ ಮೇಲೆ ಎಂಥದೂ ಇಲ್ಲ ಮಾರಾಯ್ತಿ. ಅವರು ನನಗೋಸ್ಕರ ಸುಮ್ಮನಿರೂದು."

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷರು ಹೋಗುವಾಗ ರೈಲು ಹಳಿ ಕಿತ್ತುಕೊಂಡು ಹೋದರು, ದೀಪಸ್ತಂಭದ ಗಾಜನ್ನೂ ಬಿಚ್ಚಿಕೊಂಡು ಹೋದರು, ಆದರೆ ತಾವು ಕೊಟ್ಟ ಏಳು ಪ್ರಭು ಪಟ್ಟಗಳನ್ನು ಮಾತ್ರ ಇಲ್ಲೇ ಬಿಟ್ಟುಹೋದರು. ಪಟ್ಟ ಅಪ್ಪನಿಂದ ಹಿರಿಯ ಮಗನಿಗೆ. ಅದರ ಜೊತೆಗೆ ದನಿಯೂ. ಅಪ್ಪ ಸತ್ತು, ಹೆಣ ಮನೆಯಿಂದ ಎದ್ದು ಹೋಗುವುದರೊಳಗೆ ಮಗನ ಸ್ವಂತ ದನಿ ಅಡಗಿ, ಪಟ್ಟ ಮೊದಲು ಪಡೆದವನ ದನಿ ಅವನ ಗಂಟಲಿಗೆ ಬಂದು ಕೂರುತ್ತದೆ. ಇಪ್ಪತ್ತರ ಹುಡುಗನಾದರೂ ಅದೇ ಮುದಿ ದನಿ, ಅದೇ ಕಫ, ಅದೇ ಗದರಿಕೆ. ಊರು ಅದಕ್ಕೆ ಒಗ್ಗಿಕೊಂಡಿದೆ. ಆ ಏಳು ಮನೆಗಳಲ್ಲಿ ಹಿರಿಯ ಮಗನಿಗೆ ಸಂಗೀತ ಕಲಿಸುವುದಿಲ್ಲ. ಹೆಣ್ಣು ಕೊಡಲು ಬಂದವರು ಹುಡುಗನನ್ನು ಮಾತಾಡಿಸುವುದಿಲ್ಲ, ಹುಡುಗನ ಅಪ್ಪನ ಹತ್ತಿರ ನಾಲ್ಕು ಮಾತಾಡಿ, ಮಗಳು ಇದನ್ನು ತಡೆದಾಳೇ ಎಂದು ಯೋಚಿಸುತ್ತಾ ಹೋಗುತ್ತಾರೆ.

ಸಭೆಯ ಕಟ್ಟಡ ಬಂದರಿನ ಎದುರು. ಕೆಳಗಿನ ಹಜಾರದಲ್ಲಿ ಜನರು ಆರಿಸಿ ಕಳಿಸಿದವರು ಕೂರುತ್ತಾರೆ, ಮೇಲೆ ಪ್ರಭುಗಳು. ಹಾಗಾಗಿ ಒಬ್ಬನಿಗೆ ಪಟ್ಟ ಬಂತು ಅನ್ನುವುದಕ್ಕೆ ನಮ್ಮೂರಲ್ಲಿ "ಮಹಡಿ ಹತ್ತಿದ" ಅನ್ನುತ್ತಾರೆ. ಕೆಳಗೆ ಮಾಡಿದ ಯಾವ ಕಾಯ್ದೆಗೂ ಮಹಡಿಯ ಒಪ್ಪಿಗೆ ಬೇಕು. ಮಹಡಿಯಲ್ಲಿ ಏಳು ದನಿಗಳು ನಮ್ಮ ಮುತ್ತಜ್ಜಂದಿರ ಕಾಲದಿಂದ ಅದೇ ಜಗಳ ಆಡುತ್ತಿವೆ. ಬಾಗಿಲಲ್ಲಿ ನೀರು ಕೊಡುವ ಮುದುಕ ಕಣ್ಣು ಮುಚ್ಚಿ ಕೂತುಕೊಂಡೇ ಮುಂದೆ ಯಾರು ಏನು ಹೇಳುತ್ತಾರೆ ಎಂದು ಹೇಳಿಬಿಡುತ್ತಿದ್ದ, ತಪ್ಪುತ್ತಿರಲಿಲ್ಲ.

ನಮ್ಮ ಮನೆಗೆ ಬಂದದ್ದು ಅಳಿವೆ ಪ್ರಭು ಎಂಬ ಪಟ್ಟ. ಅದನ್ನು ಸಂಪಾದಿಸಿದವನು ರಂಗರಾಯ, ಊರಿನವರ ಬಾಯಲ್ಲಿ ಹಿರಿಯ. ನಮ್ಮ ಮನೆಯ ಹಜಾರದಲ್ಲಿ ಅವನ ಪಟ ಇದೆ, ತೆಳ್ಳಗಿನ ತುಟಿ. ಅವನು ಪಟ್ಟ ಪಡೆದದ್ದು ಹೇಗೆ ಎಂದು ನಾನು ಮದುವೆಗೆ ಮೊದಲೇ ಬಲ್ಲೆ, ಯಾಕೆಂದರೆ ನಾನು ಗೂಡಿನ ಕೇರಿಯವಳು. ಅಳಿವೆಯ ಚಿಪ್ಪು ಬಾಚಿ ತಂದು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವವರು ನಾವು. ಒಮ್ಮೆ ಕೇರಿಯವರೆಲ್ಲ ಗೂಡಿಗೆ ಬೆಂಕಿ ಹಾಕುವುದಿಲ್ಲ ಎಂದು ಕೂತರಂತೆ. ಗವರ್ನರನ ಸಿಪಾಯಿಗಳಿಂದ ಆಗದ್ದನ್ನು ರಂಗರಾಯ ಮಾಡಿದ. ಪ್ರತಿ ಮನೆಯ ಬಾಗಿಲಿಗೆ ಹೋಗಿ, ಆ ಮನೆಯ ಮಗುವಿನ ಹೆಸರು ಹಿಡಿದು, ಮೆತ್ತಗೆ, "ಅದಕ್ಕೆ ಎಂಥಾದರೂ ಆದರೆ ನನ್ನ ಹತ್ತಿರ ಬರಬೇಡಿ" ಅಂದನಂತೆ. ಮರುದಿನ ಎಲ್ಲ ಗೂಡುಗಳಲ್ಲೂ ಹೊಗೆ ಎದ್ದಿತು. ಇವತ್ತಿಗೂ ಆ ದನಿ ಕೇಳಿದರೆ ನಮ್ಮ ಕೇರಿಯ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರೆ.

ಅತ್ತೆ ಈ ಮನೆಗೆ ಬಂದಾಗ ಆ ದನಿ ಅವರ ಮಾವನ ಬಾಯಲ್ಲಿತ್ತು. ಅನ್ನ ಸೀದರೆ, ಬಾಗಿಲು ಸದ್ದಾದರೆ, ಎಲ್ಲರೆದುರು ಆ ದನಿಯಲ್ಲಿ ಅನ್ನಿಸಿಕೊಂಡವರು ಅತ್ತೆ. ಮಾವ, ಅಂದರೆ ಅವರ ಗಂಡ, ಆಗ ಚೆಂದದ ದನಿಯ ಹುಡುಗ. ಅತ್ತೆ ತಮ್ಮ ಬಳೆ ಕೊಟ್ಟು, ಬಂದರಿನ ಅಂಗಡಿಯಲ್ಲಿ ಅವರ ದನಿಯನ್ನು ಗ್ರಾಮಫೋನಿನ ತಟ್ಟೆಯ ಮೇಲೆ ಹಿಡಿಸಿದ್ದರು. ಇದು ಆ ಏಳು ಮನೆಗಳ ಹೆಂಗಸರ ಪದ್ಧತಿ, ಗಂಡನ ದನಿ ಹೋಗುವ ಮೊದಲು ಎಲ್ಲಾದರೂ ಒಂದಿಷ್ಟು ತೆಗೆದಿಟ್ಟುಕೊಳ್ಳುವುದು. ಅವರ ಮಾವ ತೀರಿಹೋದ ಸಂಜೆ ಗಂಡ ಜಗಲಿಯಿಂದ "ತುಂಗಾ" ಎಂದು ಕರೆದರು. ಅತ್ತೆ ತಮಗೇ ಗೊತ್ತಿಲ್ಲದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಒತ್ತಿ ನಿಂತುಬಿಟ್ಟರು. ಗಂಡ ಅದನ್ನು ನೋಡಿದರು. ಅಂದಿನಿಂದ ಮನೆಯೊಳಗೆ ಅವರು ಬಾಯಿ ಬಿಡಲಿಲ್ಲ ಎಂದೇ ನಾನು ತಿಳಿದಿದ್ದೆ. ಆ ತಟ್ಟೆಯನ್ನು ಅತ್ತೆ ಎಷ್ಟು ಸಲ ಹಾಕಿ ಕೇಳಿದ್ದರೆಂದರೆ, ನಾನು ಬರುವ ಹೊತ್ತಿಗೆ ಅದರಲ್ಲಿ ಉಳಿದದ್ದು ಬಾಣಲೆಯಲ್ಲಿ ಹುರಿದ ಸದ್ದು ಮಾತ್ರ. ಆದರೂ ಒಮ್ಮೊಮ್ಮೆ ಹಾಕುತ್ತಿದ್ದರು. ಮಾವ ಪಕ್ಕದಲ್ಲಿ ಕೂತು ತಾವೂ ಕೇಳುತ್ತಿದ್ದರು. ಅಷ್ಟು ಪ್ರೀತಿಯ ಗಂಡ ಹೆಂಡತಿಯನ್ನು ನಾನು ಬೇರೆ ಕಂಡಿಲ್ಲ, ಅಷ್ಟು ದುಃಖದ ಮನೆಯನ್ನೂ.

ನನ್ನ ಗಂಡ ಹೇರಂಬರಾಯರನ್ನು ನಾನು ಮೊದಲು ಕಂಡದ್ದಲ್ಲ, ಕೇಳಿದ್ದು. ಓಟು ಕೇಳಲು ನಮ್ಮ ಕೇರಿಗೆ ಬಂದಿದ್ದರು. ನಾನು ಒಳಗೆ ಸುಣ್ಣಕ್ಕೆ ನೀರು ಹೊಡೆಯುತ್ತಿದ್ದೆ. ಅಳಿವೆ ಪ್ರಭುವಿನ ಮಗ ಎಂದು ಕೇರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಇವರು ನಡುರಸ್ತೆಯಲ್ಲಿ ನಿಂತು, ಮುಚ್ಚಿದ ಬಾಗಿಲುಗಳಿಗೇ ಮಾತಾಡಿದರು. ನೀರಿನ ನಲ್ಲಿ ತರಿಸುತ್ತೇನೆ, ಗೂಡುಗಳಿಗೆ ಹೊಗೆ ಕೊಳವೆ ಹಾಕಿಸುತ್ತೇನೆ, ಆಗದಿದ್ದರೆ ಬಂದು ಆಗಲಿಲ್ಲ ಎಂದು ಹೇಳುತ್ತೇನೆ ಅಂದರು. ಮಾತಿಗಿಂತ ಆ ದನಿ. ಗಟ್ಟಿಯಲ್ಲ, ಆದರೆ ಎಲ್ಲಿಗೂ ಮುಟ್ಟುತ್ತಿತ್ತು, ಕೊನೆಯಲ್ಲಿ ಸ್ವಲ್ಪ ನಗು ಇರುತ್ತಿತ್ತು. ಒಂದೊಂದಾಗಿ ಬಾಗಿಲುಗಳು ತೆರೆದವು. ನಮ್ಮ ಅಪ್ಪ ಬಾಗಿಲು ತೆರೆದಾಗ ನಾನೂ ಹಿಂದೆ ನಿಂತಿದ್ದೆ. ಆಮೇಲೆ ಆದದ್ದು ಊರಿಗೆಲ್ಲ ಗೊತ್ತು, ಬಾಯಿಗೆ ಬಂದಂತೆ ಆಡಿಕೊಂಡರು, ನಾವು ಮದುವೆಯಾದೆವು. ಇವರು ಗೂಡಿನ ಕೇರಿಯಿಂದ ಗೆದ್ದು ಕೆಳಗಿನ ಸಭೆಯಲ್ಲಿ ಕೂತರು. ನಲ್ಲಿ ಬಂತು. ಹೊಗೆ ಕೊಳವೆಯ ಮಾತು ಪ್ರತಿ ಸಲ ಮಹಡಿಯಲ್ಲಿ ಬಿದ್ದುಹೋಗುತ್ತಿತ್ತು.

ಮಾವ ಸತ್ತ ದಿನ ಇವರು ಕೆಳಗಿನ ಕುರ್ಚಿ ಬಿಟ್ಟು ಮಹಡಿ ಹತ್ತಬೇಕು, ಕೇರಿ ಬೇರೆಯವನನ್ನು ಹುಡುಕಿಕೊಳ್ಳಬೇಕು. ಅದು ಇವರ ಚಿಂತೆ. ನನ್ನ ಚಿಂತೆ ಚಿಕ್ಕದು, ಸ್ವಾರ್ಥದ್ದು. ಬೆಳಿಗ್ಗೆ ಎದ್ದು "ಭಾಮಾ, ಚಾ ಆಯ್ತಾ" ಅನ್ನುವ ದನಿ ನನಗೆ ಉಳಿಯಬೇಕಿತ್ತು. ಇವರು ಒಂದು ಕಾಯ್ದೆ ಬರೆದರು. ಪಟ್ಟ ಬಂದವನು, ಅಪ್ಪನ ಹೆಣ ಏಳುವ ಮೊದಲು, ಸಭೆಯ ಅಧಿಕಾರಿಯ ಮುಂದೆ ಬಾಯಿಬಿಟ್ಟು ಬೇಡ ಅಂದರೆ ಅದು ಅವನಿಗೆ ಬರತಕ್ಕದ್ದಲ್ಲ. ಅಷ್ಟೇ. ಊರು ಅದನ್ನು ಬೇಡದ ಕಾಯ್ದೆ ಎಂದು ಕರೆಯಿತು. ಪ್ರತಿ ವರ್ಷ ಇವರು ಅದನ್ನು ಮೇಲಕ್ಕೆ ಕಳಿಸುತ್ತಿದ್ದರು, ಪ್ರತಿ ವರ್ಷ ಮಹಡಿಯವರು ಅದನ್ನು ಚರ್ಚೆಗೇ ತೆಗೆದುಕೊಳ್ಳುತ್ತಿರಲಿಲ್ಲ.

ನಮ್ಮ ಮಗಳು ವಾರಿಜಳಿಗೆ ಏಳು ತುಂಬಿದ ಮಳೆಗಾಲದಲ್ಲಿ ಮಾವ ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ಗಡ್ಡೆ, ಹೆಚ್ಚು ದಿನ ಇಲ್ಲ ಅಂದರು ಡಾಕ್ಟರು. ಕಾಯ್ದೆ ಮಹಡಿಯ ಮೆಟ್ಟಿಲಲ್ಲೇ ಕೂತಿತ್ತು. ನಾನು ಅತ್ತೆಯ ಹಾಗೆ ಬಳೆ ಕೊಡಬೇಕಾಗಲಿಲ್ಲ, ಹಡಗಿನವರ ಹತ್ತಿರ ಒಂದು ಟೇಪ್ ರೆಕಾರ್ಡರ್ ತರಿಸಿಕೊಂಡೆ. ದಿನಾ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ ಇವರನ್ನು ಅದರ ಮುಂದೆ ಕೂರಿಸುತ್ತಿದ್ದೆ. "ಎಂಥ ಹೇಳೂದು?" ಅನ್ನುತ್ತಿದ್ದರು. "ಎಂಥಾದ್ರೂ ಹೇಳಿ, ಸುಮ್ಮನೆ ಕೂರಬೇಡಿ" ಅನ್ನುತ್ತಿದ್ದೆ. ಪೇಪರು ಓದಿದರು. ವಾರಿಜಳ ಪಾಠ ಪುಸ್ತಕ ಓದಿದರು. ಮೀನಿನ ಧಾರಣೆ, ಹಡಗು ಬರುವ ಹೊತ್ತು, ನನ್ನನ್ನು ರೇಗಿಸುವುದು, ಎಲ್ಲ. ಟೇಪಿನ ಮೇಲೆ ಟೇಪು ತುಂಬಿದೆ. ವಾರಿಜ ಬಾಗಿಲು ತಳ್ಳಿಕೊಂಡು ಬರುತ್ತಿದ್ದಳು. ಅವಳಿಗೆ ಆ ಯಂತ್ರದ ಮೇಲೆ ಆಸೆ. ಅವಳದ್ದು ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಶುರುವಾಗುವ ಬಾಯಿ, ಅಜ್ಜ ಎಷ್ಟು ಮಾತಾಡುವುದಿಲ್ಲವೋ ಅಷ್ಟನ್ನೂ ಇವಳೇ ಆಡಿ ಮುಗಿಸುತ್ತಾಳೆ ಎಂದು ನಾವು ನಗುತ್ತಿದ್ದೆವು. ಅವಳನ್ನು ಹೊರಗೆ ಕಳಿಸಿ ಮತ್ತೆ ಬಾಗಿಲು ಹಾಕುತ್ತಿದ್ದೆ.

ಮಾವ ಮನೆಯಲ್ಲಿ ಮಾತಾಡಿದ್ದು ಅಂಥದ್ದೇ ಒಂದು ಮಧ್ಯಾಹ್ನ. ಅತ್ತೆ ಗಂಜಿ ಕುಡಿಸುತ್ತಿದ್ದರು, ನಾನು ಬೆನ್ನಿಗೆ ದಿಂಬು ಕೊಟ್ಟು ಹಿಡಿದಿದ್ದೆ. ಇವರು ಸಭೆಯಿಂದ ಓಡಿಬಂದು, ಕಾಯ್ದೆ ಮಹಡಿಯಲ್ಲಿ ಚರ್ಚೆಗೆ ಬಂದಿದೆ, ನಾಳೆ ಮತ ಹಾಕುತ್ತಾರೆ ಅಂದರು. ಮಾವ ಮಗನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಾಯಿ ತೆರೆದರು. ನಾನು ಆ ದನಿಯನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಮೊದಲ ಸಲ.

"ಬೇಡ ಅನ್ಬೇಡ ಹೇರಂಬ. ನೀನು ಬೇಡ ಅಂದ್ರೆ ಅದು ಕೂಸಿಗೆ ಬರ್ತದೆ."

ಅತ್ತೆಯ ಸೆರಗು ತಲೆಯ ಮೇಲೆ ಹೋಯಿತು. ಗಂಜಿಯ ಬಟ್ಟಲು ಹಿಡಿದುಕೊಂಡೇ ಅವರು ಗೋಡೆಯ ಕಡೆ ತಿರುಗಿದರು. ಇವರು ಬಿಳಿಚಿಕೊಂಡು ಕೈ ಬಿಡಿಸಿಕೊಂಡರು. ಮಾವ ಮಂಚದ ಪಟ್ಟಿಗೆ ಉಂಗುರದಿಂದ ಎರಡು ಸಲ ಕುಟ್ಟಿದರು. ಮತ್ತೆ ಎರಡು ಸಲ. ಅಷ್ಟರಲ್ಲಿ ಇವರು ಜಗಲಿಗೆ ಹೋಗಿಯಾಗಿತ್ತು. ಅತ್ತೆ ಕಣ್ಣೊರೆಸಿಕೊಂಡು ತಿರುಗಿ, ಇನ್ನೂ ಗಂಜಿ ಬೇಕೇನೋ ಎಂದು ಬಟ್ಟಲು ತುಂಬಿ ತಂದರು. ಮಾವ ಅದನ್ನು ಕುಡಿಯಲಿಲ್ಲ.

ನಾನು ಜಗಲಿಗೆ ಹೋದೆ. ಇವರು ಕಂಬ ಹಿಡಿದು ನಿಂತಿದ್ದರು. "ಮಾವ ಹೇಳಿದ್ದು ಕೇಳ್ತಲ್ವಾ?" ಅಂದೆ.

"ಅಪ್ಪ ಹೇಳಿದ್ದಲ್ಲ ಅದು. ಹಿರಿಯ ಹೇಳಿದ್ದು."

"ಬಾಯಿ ಮಾವಂದೇ ಅಲ್ವಾ?"

"ಬಾಯಿ ಅಪ್ಪಂದು. ನನಗೆ ಗೊತ್ತಿದ್ದ ಅಪ್ಪ ಮನೇಲಿ ಒಂದು ದಿನ ಬಾಯಿಬಿಟ್ಟವರಲ್ಲ. ಈಗ ಶಕ್ತಿ ಕುಂದಿದೆ, ಅದು ನುಗ್ಗಿ ಮಾತಾಡ್ತಾ ಉಂಟು. ಮಕ್ಕಳ ಹೆಸರು ಹೇಳಿ ಹೆದರಿಸೂದು ಯಾರ ಕೆಲಸ ಅಂತ ನಿನಗೆ ನಾನು ಹೇಳ್ಬೇಕಾ? ನೀನೇ ಗೂಡಿನ ಕೇರಿಯವಳು." ಕಂಬ ಬಿಟ್ಟು ನನ್ನ ಕಡೆ ತಿರುಗಿ ಅಂದರು, "ಮತ್ತೆ ಹೆಣ್ಣಿಗೆ ಪಟ್ಟ ಬಂದದ್ದು ಇದುವರೆಗೆ ಉಂಟಾ?"

ಇರಲಿಲ್ಲ. ಏಳು ಮನೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಇವರ ಮಾತು ನನಗೆ ಸರಿ ಕಂಡಿತು. ಆ ದನಿ ಏನು ಹೇಳಿದರೂ ಬೆದರಿಕೆಯಾಗಿಯೇ ಕೇಳುವಂತೆ ಬೆಳೆದವಳು ನಾನು. ಒಬ್ಬ ಒಳ್ಳೆಯ ಮನುಷ್ಯ ತನ್ನ ಮೊಮ್ಮಗಳಿಗಾಗಿ ಎಷ್ಟೋ ಕಾಲದ ಮೌನ ಮುರಿದು ಆಡಿದ ಎರಡು ಮಾತನ್ನು ಆ ಮನೆಯಲ್ಲಿ ಒಬ್ಬರಾದರೂ ಅವನ ಮಾತು ಎಂದು ಕೇಳಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ.

ಮರುದಿನ ಮಹಡಿಯಲ್ಲಿ ಕಾಯ್ದೆ ಗೆದ್ದಿತು. ಮಾವ ಹಾಸಿಗೆಯಲ್ಲಿದ್ದರು, ಉಳಿದ ಆರು ದನಿಗಳಲ್ಲಿ ಒಂದೂ ವಿರೋಧಿಸಲಿಲ್ಲ. ಬಾಗಿಲ ಮುದುಕ ಮುಂದೇನು ಎಂದು ಹೇಳಲಾರದೆ ಕಣ್ಣು ತೆರೆದು ಕೂತಿದ್ದನಂತೆ. ನಮಗೆ ಆಗಲೇ ಸಂಶಯ ಬರಬೇಕಿತ್ತು. ನಾವು ಪಾಯಸ ಮಾಡಿದೆವು. ಒಳಗೆ ಮಾವನ ಉಂಗುರ ಮಂಚಕ್ಕೆ ಬಡಿಯುತ್ತಲೇ ಇತ್ತು, ದಿನದಿನಕ್ಕೆ ಸಣ್ಣಗೆ.

ಅವರು ತೀರಿಕೊಂಡದ್ದು ಸೋಮವಾರ ಬೆಳಿಗ್ಗೆ. ಹಜಾರದಲ್ಲಿ ಹಿರಿಯನ ಪಟದ ಕೆಳಗೆ ಮಲಗಿಸಿದ್ದೆವು. ಸಭೆಯ ಅಧಿಕಾರಿ ಚಪ್ಪಲಿ ಹೊರಗೆ ಬಿಟ್ಟು ಬಂದು, ಇವರ ಮುಂದೆ ನಿಂತು, ಅಳಿವೆ ಪ್ರಭು ಪಟ್ಟ ಬೇಕೋ ಬೇಡವೋ ಎಂದು ಕೇಳಿದ. ಇವರು ಅಪ್ಪನ ಕಾಲು ಮುಟ್ಟಿಕೊಂಡು "ಬೇಡ" ಅಂದರು. ಹೆಣ ಎದ್ದಿತು, ಬಾಗಿಲು ದಾಟಿತು, ತಿರುವಿನಲ್ಲಿ ಮರೆಯಾಯಿತು. ನಾನು ಬಾಗಿಲಲ್ಲೇ ಕಾದೆ. ಸುಡುಗಾಡಿನಿಂದ ಬಂದು ಕಾಲು ತೊಳೆಯುತ್ತಾ ಇವರು "ಭಾಮಾ, ಒಂದು ಚಾ ಕೊಡ್ತೀಯಾ" ಅಂದರು. ಅದೇ ದನಿ, ಇವರದೇ. ಸಾವಿನ ಮನೆಯಲ್ಲಿ ಸಂತೋಷಕ್ಕೆ ಅತ್ತವಳು ನಾನೊಬ್ಬಳೇ ಇರಬೇಕು. ಅತ್ತೆ ಮಾತ್ರ ನನ್ನ ಮುಖವನ್ನೇ ನೋಡುತ್ತಾ, "ಬೇಡ ಅಂದ್ರೆ ಅದು ಹೋಗ್ತದಾ?" ಅಂದರು. ದುಃಖದಲ್ಲಿ ಏನೋ ಹೇಳುತ್ತಾರೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೂಡಿನ ಕೇರಿಯವರು ಆ ವಾರವೆಲ್ಲ ಇವರನ್ನು ನೋಡಲು ಬಂದರು, ಮಾತಾಡಿಸಿ, ದನಿ ಕೇಳಿ, ತಲೆ ಆಡಿಸಿ ಹೋದರು.

ಕ್ರಿಯೆಗಳೆಲ್ಲ ಕಳೆದು ಸುಮಾರು ದಿನಗಳಾಗಿದ್ದವು. ಭಾನುವಾರ, ಬಿಸಿಲು ಏರಿತ್ತು. ಇವರು ಕೇರಿಗೆ ಹೋಗಿದ್ದರು. ಅತ್ತೆ ಅಡುಗೆಮನೆಯಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದರು, ನಾನು ಒಲೆಯ ಮುಂದಿದ್ದೆ. ಹಿತ್ತಿಲಲ್ಲಿ ವಾರಿಜ ಪಕ್ಕದ ಮನೆಯ ಮಕ್ಕಳನ್ನು ಕೂಡಿಸಿಕೊಂಡು ಚಿಪ್ಪುಗಳಿಂದ ಗೂಡು ಕಟ್ಟುವ ಆಟ ಆಡುತ್ತಿದ್ದಳು. ಆಗ ಹಿತ್ತಿಲಿಂದ ಆ ದನಿ ಬಂತು, ಕಫದ, ಗದರುವ ದನಿ: "ಯಾರದು? ನನ್ನ ಚಿಪ್ಪು ಮುಟ್ಬೇಡಿ."

ಅತ್ತೆಯ ಕೈಯಿಂದ ಮೊರ ಬಿತ್ತು. ಸೆರಗು ತಲೆಯ ಮೇಲೆ ಹೋಯಿತು, ಅವರು ಗೋಡೆಗೆ ಒತ್ತಿ ನಿಂತರು. ಆಮೇಲೆ ನಿಧಾನವಾಗಿ ಸೆರಗು ಸರಿಸಿ ನನ್ನನ್ನು ನೋಡಿದರು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ.

ಹಿತ್ತಿಲಿಗೆ ಓಡಿದೆ. ಮಕ್ಕಳು ಬೇಲಿಯವರೆಗೆ ಹಿಂದೆ ಸರಿದು ನಿಂತಿದ್ದರು, ಒಂದು ಅಳುತ್ತಿತ್ತು. ವಾರಿಜ ಗಂಟಲಿನ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದಳು. "ಅಮ್ಮಾ, ನೋಡು ನನ್ನ ಗಂಟಲು. ಎಂಥ ತಮಾಷೆ." ಸತ್ತು ಎಷ್ಟೋ ಕಾಲವಾದ ಒಬ್ಬ ಮುದುಕ ನನ್ನನ್ನು ಅಮ್ಮಾ ಎಂದು ಕರೆಯುತ್ತಿದ್ದ. ನನಗೆ ಅವಳನ್ನು ಎತ್ತಿಕೊಳ್ಳಲು ಒಂದು ಕ್ಷಣ ಹಿಡಿಯಿತು. ಆ ಒಂದು ಕ್ಷಣವನ್ನು ಅವಳು ನೋಡಿದಳು, ನಗು ನಿಂತಿತು.

ಶೀತ ಇರಬಹುದು ಎಂದು ಶುಂಠಿ ಕಷಾಯ ಕುಡಿಸಿದೆ, ಜ್ಯೇಷ್ಠಮಧು ಜಗಿಸಿದೆ. ಗೊತ್ತಿದ್ದೂ ಮಾಡಿದೆ. ಡಾಕ್ಟರು ಬಾಯಿ ತೆರೆ ಅಂದರು. ಅವಳು "ಆ" ಅಂದ ಕೂಡಲೇ ಡಾಕ್ಟರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಆಮೇಲೆ ನಾಚಿಕೆಯಾಗಿ ಕೂತುಕೊಂಡು, ಗಂಟಲು ಚೆನ್ನಾಗಿದೆ, ಮಗುವಿನ ಗಂಟಲೇ, ಏನೂ ತೊಂದರೆ ಇಲ್ಲ ಅಂದರು.

ಮೂರನೆಯ ದಿನ ಅತ್ತೆ ಮಗನನ್ನು ಕರೆದು ಕೂರಿಸಿಕೊಂಡರು. "ನಿನ್ನ ಅಪ್ಪಂಗೆ ಪಟ್ಟ ಬಂದ ಹೊಸತರಲ್ಲಿ ಅವರು ಸಭೆಗೂ ಹೋಗ್ಲಿಲ್ಲ. ಒಳಗೂ ಮಾತಿಲ್ಲ, ಹೊರಗೂ ಮಾತಿಲ್ಲ. ಹೀಗೇ ಸುಮ್ಮನಿದ್ದು ಅದನ್ನು ಸಾಯಿಸ್ತಾರೆ ಅಂತ ನಾನು ಖುಷಿಪಟ್ಟೆ. ನೀನು ತೊಟ್ಟಿಲಲ್ಲಿದ್ದೆ. ಒಂದು ಮಧ್ಯಾಹ್ನ ನಾನು ಬಾವಿ ಹತ್ರ ಇದ್ದಾಗ ನೀನು ಅತ್ತದ್ದು ಕೇಳ್ತು. ಕೂಸಿನ ಅಳು ಅಲ್ಲ ಅದು, ಮುದುಕನ ಅಳು. ಕಫ ಕಟ್ಟಿದೆ ಅಂದ್ಕೊಂಡೆ. ಅಷ್ಟರಲ್ಲಿ ಇವರು ಓಡಿ ಹೋಗಿ, ನಿನ್ನನ್ನು ಎತ್ತಿಕೊಂಡು, ಮನೆ ಅದುರುವ ಹಾಗೆ ಆ ದನೀಲಿ ಬೊಬ್ಬೆ ಹೊಡೆದ್ರು. ಕೂಸಿಗೆ ಬಯ್ತಾರೆ ಅಂತ ನನಗೆ ಸಿಟ್ಟು ಬಂತು. ನಿನ್ನ ಅಳು ಸರಿಯಾಯ್ತು. ಮರುದಿನವೇ ಅವರು ಸಭೆಗೆ ಹೋದ್ರು." ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಬಯ್ದದ್ದಲ್ಲ ಮಗಾ. ನಿನ್ನಿಂದ ವಾಪಸ್ ಕರ್ಕೊಂಡದ್ದು. ನನಗೆ ಈಗ ಗೊತ್ತಾಯ್ತು."

ಇವರು ಎದ್ದು ಹಜಾರಕ್ಕೆ ಹೋದರು. ವಾರಿಜಳನ್ನು ಎದೆಗೆ ಅವಚಿಕೊಂಡು ಹಿರಿಯನ ಪಟದ ಕೆಳಗೆ ನಿಂತು "ಬಾ" ಅಂದರು. ಬೇಕು ಅಂದರು, ನನಗೇ ಕೊಡು ಅಂದರು, ಬೈದರು, ಕೂಗಿದರು. ಸಂಜೆಯ ಹೊತ್ತಿಗೆ ಇವರ ದನಿ ಒಡೆದಿತ್ತು, ಆದರೆ ಒಡೆದ ದನಿಯೂ ಇವರದೇ. ಎರಡು ದಿನ ಬಿಟ್ಟು ಮತ್ತೆ ಮೊದಲಿನ ಹಾಗೆ ಚೆನ್ನಾಯಿತು. ಮಹಡಿಗೆ ಹೋಗಿ ಕೈ ಮುಗಿದರು. ಅಲ್ಲಿ ಕೋಟೆಬಾಗಿಲು ಪ್ರಭು ಎಲ್ಲರಿಗಿಂತ ವಯಸ್ಸಾದವರು. "ನೀವೇ ತಂದ ಕಾಯ್ದೆ ರಾಯರೇ. ಬೇಡ ಅನ್ಲಿಕ್ಕೆ ದಾರಿ ಇಟ್ಟಿದ್ದೀರಿ, ಮತ್ತೆ ಬೇಕು ಅನ್ಲಿಕ್ಕೆ ಇಟ್ಟಿಲ್ಲ" ಅಂದರಂತೆ. ಹೀಗಾಗುತ್ತದೆ ಎಂದು ನಿಮಗೆ ಗೊತ್ತಿತ್ತೇ ಎಂದು ಇವರು ಕೇಳಿದ್ದಕ್ಕೆ, ಅದು ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಿತ್ತು ಅಂದರಂತೆ. ಮಗುವಿನ ವಿಷಯ ಕೇಳಿದ್ದಕ್ಕೆ ಆರು ಜನರೂ ಮುಂದಿನ ಕಾಯ್ದೆಯ ಕಾಗದ ಎತ್ತಿಕೊಂಡರಂತೆ. ಏಳನೆಯ ಕುರ್ಚಿ ಖಾಲಿ ಇತ್ತು.

ಈಗ ಆ ಕುರ್ಚಿಯಲ್ಲಿ ವಾರಿಜ ಕೂರುತ್ತಾಳೆ. ಸಭೆ ಇದ್ದ ದಿನ ಶಾಲೆಗೆ ರಜೆ ಹಾಕಿಸಿ, ಅಪ್ಪನೇ ಅವಳನ್ನು ಮೆಟ್ಟಿಲವರೆಗೆ ಬಿಟ್ಟು ತಾವು ಕೆಳಗಿನ ಹಜಾರಕ್ಕೆ ಹೋಗುತ್ತಾರೆ. ಅವಳ ಕಾಲು ನೆಲಕ್ಕೆ ಮುಟ್ಟುವುದಿಲ್ಲ, ಒಂದು ಮಣೆ ಇಟ್ಟಿದ್ದಾರೆ. ಹೊಗೆ ಕೊಳವೆಯ ಕಾಯ್ದೆಗೆ ಅವಳು ಅಪ್ಪ ಹೇಳಿಕೊಟ್ಟಂತೆ "ಒಪ್ಪಿಗೆ" ಅಂದಳು. ಆ ದನಿ ಆ ಮಾತು ಹೇಳಿದ್ದು ಅದೇ ಮೊದಲು, ಆ ಒಂದು ಮತದಿಂದ ಕಾಯ್ದೆ ಗೆದ್ದಿತು. ಊರಿನವರು ನಮಗೆ ಅದನ್ನು ಸಮಾಧಾನಕ್ಕೆ ಹೇಳುತ್ತಾರೆ. ಕೊಳವೆ ಹಾಕಿದ ದಿನ ಅವಳನ್ನು ಕೇರಿಗೆ ಕರೆದುಕೊಂಡು ಹೋದೆ. ಅವಳು ಓಡಿಹೋಗಿ ನನ್ನ ಅಪ್ಪನನ್ನು "ಅಜ್ಜಾ" ಎಂದು ಕೂಗಿದಳು. ಬೀದಿಯ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಮೊದಲೆಲ್ಲ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಳಿವೆಯೆಲ್ಲ ಸುತ್ತಿಸಿದ್ದ ನನ್ನ ಅಪ್ಪ ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ತಪ್ಪು ಅವರದಲ್ಲ, ಅವರ ಅಪ್ಪ, ಅಜ್ಜ ನಿಂತದ್ದೂ ಹಾಗೆಯೇ.

ಅವತ್ತಿನಿಂದ ವಾರಿಜ ಮನೆಯಲ್ಲಿ ಮಾತಾಡುವುದಿಲ್ಲ. ಯಾರೂ ಹೇಳಿಕೊಡಲಿಲ್ಲ. ಆ ಮನೆಯಲ್ಲಿ ಹುಟ್ಟಿದವಳಿಗೆ ಹೇಳಿಕೊಡಬೇಕಾಗಿಯೂ ಇರಲಿಲ್ಲವೇನೋ. ಅಜ್ಜನ ಉಂಗುರ ಅವಳ ಬೆರಳಿಗೆ ದೊಡ್ಡದು, ಒಂದು ಕಪ್ಪೆಚಿಪ್ಪು ಇಟ್ಟುಕೊಂಡಿದ್ದಾಳೆ. ಊಟಕ್ಕೆ ಕೂತರೆ ತಟ್ಟೆಯ ಅಂಚಿಗೆ ಕುಟ್ಟುತ್ತಾಳೆ. ಅತ್ತೆ ಅವಳ ತಲೆ ಬಾಚುತ್ತಾ, ಅವಳ ಪರವಾಗಿ ತಾವೇ ಇಬ್ಬರ ಮಾತನ್ನೂ ಆಡುತ್ತಾರೆ.

ನನ್ನ ಗಂಡನ ದನಿ ನನಗೆ ಉಳಿದಿದೆ. ಬೇಕಾದದ್ದು ಸಿಕ್ಕಿತು. ಕೆಳಗಿನ ಸಭೆಯಲ್ಲಿ ಅವರು ಮಾತಾಡಿದರೆ ಇವತ್ತಿಗೂ ಜನ ಕಿಟಕಿಯ ಹೊರಗೆ ನಿಂತು ಕೇಳುತ್ತಾರೆ. ಮನೆಯಲ್ಲಿ ಮಾತ್ರ ಇವರು "ಭಾಮಾ" ಎಂದು ಕರೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಈ ದನಿಯನ್ನು ಉಳಿಸಲು ಯಾರ ದನಿ ಕೊಟ್ಟೆವು ಎಂದು ಅನ್ನಿಸುತ್ತದೆ. ಇವರಿಗೂ ಅದು ಗೊತ್ತಾಗಿದೆ. ಈಗೀಗ ಚಾ ಬೇಕಾದರೆ ಸುಮ್ಮನೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ.

ಟೇಪುಗಳನ್ನು ಎಸೆಯಲು ಹೊರಟಿದ್ದೆ. ಇವರ ದನಿ ಮನೆ ತುಂಬ ಇರುವಾಗ ಇವು ಯಾಕೆ. ಎಸೆಯುವ ಮೊದಲು ಒಂದೊಂದನ್ನೇ ಹಾಕಿ ಕೇಳಿದೆ, ಮಧ್ಯಾಹ್ನ, ಆ ಕೋಣೆಯಲ್ಲೇ. ಮೀನಿನ ಧಾರಣೆ, ಹಡಗಿನ ಹೊತ್ತು. ಒಂದರಲ್ಲಿ ಇವರು ಪೇಪರು ಓದುತ್ತಿರುವಾಗ ಬಾಗಿಲು ಕಿರ್ ಅನ್ನುತ್ತದೆ. "ಅಮ್ಮಾ, ನಾನೂ ಹೇಳ್ಲಾ?" ಎಂದು ಒಂದು ಮಗು ಕೇಳುತ್ತದೆ. ತೆಳ್ಳಗಿನ ದನಿ, ಕೊನೆಗೆ ಮೇಲಕ್ಕೆ ಏರುತ್ತದೆ. ಅದರ ಮೇಲೇ ನನ್ನ ದನಿ ಬೀಳುತ್ತದೆ: "ಶ್, ನೀನು ಮಾತಾಡ್ಬೇಡ. ಅಪ್ಪನ ದನಿ ಹಾಳಾಗ್ತದೆ." ಬಾಗಿಲು ಮುಚ್ಚುತ್ತದೆ. ಇವರು ಮುಂದೆ ಓದುತ್ತಾರೆ. ಉಳಿದ ಟೇಪುಗಳನ್ನೆಲ್ಲ ಕೇಳಿದೆ, ಬೇರೆ ಎಲ್ಲಿಯೂ ಅವಳು ಇಲ್ಲ.

ಆ ಒಂದನ್ನು ಇಟ್ಟುಕೊಂಡಿದ್ದೇನೆ. ದಿನಾ ಹಾಕಬೇಡ, ಸವೆದುಹೋಗುತ್ತದೆ ಎಂದು ಅತ್ತೆ ಹೇಳುತ್ತಾರೆ, ಅವರಿಗೆ ಗೊತ್ತು. ಮೊನ್ನೆ ಬಾಗಿಲು ಹಾಕಿಕೊಂಡು ಕೇಳುತ್ತಿದ್ದೆ. ತಿರುಗಿ ನೋಡಿದರೆ ವಾರಿಜ ಒಳಗೆ ಬಂದು ನಿಂತಿದ್ದಳು, ಯಾವಾಗ ಬಂದಳೋ ಗೊತ್ತಿಲ್ಲ. ನಾನು ಯಂತ್ರ ನಿಲ್ಲಿಸಲು ಕೈ ಚಾಚಿದೆ. ಅವಳು ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಆ ಮಗು ಕೇಳಿತು, ನಾನು ಶ್ ಅಂದೆ, ಬಾಗಿಲು ಮುಚ್ಚಿತು. ಅವಳು ಮೇಜಿನ ಮೇಲೆ ಚಿಪ್ಪಿನಿಂದ ಎರಡು ಸಲ ಕುಟ್ಟಿದಳು. ನಾನು ಟೇಪನ್ನು ಹಿಂದಕ್ಕೆ ತಿರುಗಿಸಿದೆ.